ಹದಿನೆಂಟು ಡ್ರಾಯರು ಮತ್ತು ಇತರೆ ಡಬ್ಬ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೇರವಾಗಿ ಹೊರಟು, ಅರ್ಧ ದಾರಿಯಲ್ಲಿ ದಣಿದು, ಕೊನೆಗೆ ಹಾಳೆಯ ಮೂಲೆಯಲ್ಲಿ ಕೂತುಬಿಡುತ್ತದೆ. ಒಂಬತ್ತನೇ ತರಗತಿಯನ್ನು ನಡುವಿನಲ್ಲೇ ಬಿಟ್ಟವಳಾದ್ದರಿಂದ ದೊಡ್ಡ ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಇಲ್ಲಿ ಎಲ್ಲಾದರೂ ದೊಡ್ಡ ಪದ ಕಂಡರೆ ಅದು ಅಪ್ಪನದು, ನಾನು ಎರವಲು ತಂದದ್ದು. ಎರಡು ಸಲ ಬರೆದು ಹರಿದು ಹಾಕಿದ್ದೇನೆ, ಇದು ಮೂರನೆಯದು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಮೊಳೆ, ಸ್ಕ್ರೂ, ನಟ್ಟು, ಬೋಲ್ಟು, ಬೀಗ. ಗೋಡೆಗೆ ಒರಗಿ ಮರದ ಒಂದು ಕಪಾಟು, ಅದರಲ್ಲಿ ಹದಿನೆಂಟು ಡ್ರಾಯರು. ಯಾವುದರ ಮೇಲೂ ಹೆಸರು ಬರೆದಿಲ್ಲ. ಒಳಗೆ ಏನಿದೆಯೋ ಅದರಲ್ಲೊಂದನ್ನು ಡ್ರಾಯರಿನ ಮುಖಕ್ಕೇ ತಂತಿಯಿಂದ ಕಟ್ಟಿದ್ದಾರೆ. ಒಂದಂಗುಲದ ಸ್ಕ್ರೂ ಬೇಕೇ, ಮುಖದ ಮೇಲೆ ಒಂದಂಗುಲದ ಸ್ಕ್ರೂ ಇರುವ ಡ್ರಾಯರು ಎಳೆಯಿರಿ. ಯಾವ ಡ್ರಾಯರಿಗೂ ಸೇರದ, ಜೋಡಿ ಕಳೆದುಕೊಂಡ ಸಾಮಾನಿಗೆಲ್ಲ ಕೆಳಗೊಂದು ತಗಡಿನ ಡಬ್ಬ. ಅದರ ಮೇಲೆ ಮಾತ್ರ ‘ಇತರೆ’ ಎಂದು ಬರೆದಿದೆ. ಲೋಕದಲ್ಲಿ ಇಷ್ಟು ಗೊಂದಲ ಇರುವುದಕ್ಕೆ ಕಾರಣ, ಜನ ತೆಗೆದ ಸಾಮಾನನ್ನು ಅದೇ ಡ್ರಾಯರಿಗೆ ವಾಪಸು ಹಾಕದಿರುವುದು ಎಂದು ಅಪ್ಪನ ಅಭಿಪ್ರಾಯ.

ಅಪ್ಪನಿಗೆ ಇನ್ನೊಂದು ಅಭ್ಯಾಸ. ಬೀಗ ಕೇಳಿದವರಿಗೆ ಸುಮ್ಮನೆ ಬೀಗ ಕೊಡುವುದಿಲ್ಲ.

“ಬೀಗ ಯಾಕೆ?”

“ಹಿಂದಿನ ಬಾಗಿಲಿಗೆ.”

“ಒಳಗೇನಿದೆ?”

“ಏನಿಲ್ಲ, ಹಳೇ ಸೈಕಲ್ಲು.”

“ಹಾಗಾದ್ರೆ ನೀವು ಬೀಗ ಹಾಕ್ತಿರೋದು ಸೈಕಲ್ಲಿಗೋ, ನಿಮ್ಮ ಭಯಕ್ಕೋ?”

ಹೀಗೆ ಅರ್ಧ ಗಂಟೆ ನಡೆಯುತ್ತದೆ. ಕೆಲವರು ಬೀಗವಿಲ್ಲದೆಯೇ ಹಗುರಾಗಿ ಮನೆಗೆ ಹೋಗುತ್ತಾರೆ. (ವ್ಯಾಪಾರಕ್ಕೆ ಇದು ಒಳ್ಳೆಯದಲ್ಲ ಎಂದು ಅಮ್ಮ ಹೇಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಹೇಳುತ್ತಲೇ ಇದ್ದಾಳೆ.)

ಇಂಥ ಮನೆಗೆ ಕಷ್ಟ ಬಂದದ್ದು ಅಕ್ಕನ ಕಾಲೇಜಿನ ಅರ್ಜಿಯ ರೂಪದಲ್ಲಿ. ಮೊದಲ ವರ್ಷ ಮುಗಿದಿತ್ತು. ಇನ್ನು ಮುಂದೆ ಯಾವುದು ಮೇಜರ್, ಅಂದರೆ ಮುಖ್ಯ ವಿಷಯ, ಎಂದು ಬರೆದು, ಪೋಷಕರ ಸಹಿ ಹಾಕಿಸಿ, ಮುಂದಿನ ಸೋಮವಾರ ಮಧ್ಯಾಹ್ನದೊಳಗೆ ಕೊಡಬೇಕಿತ್ತು.

“ಭೂಗೋಳ,” ಅಂದಳು ಅಕ್ಕ.

“ಭೂಗೋಳ ಓದಿ?” ಅಂದರು ಅಪ್ಪ.

“ಓದಿ ಏನು?”

“ಅದನ್ನೇ ನಾನು ಕೇಳ್ತಿರೋದು, ಓದಿ ಏನು? ಬೋಲ್ಟಿಗೆ ನಟ್ಟಿದೆ. ಬೀಗಕ್ಕೆ ಬೀಗದಕೈ ಇದೆ. ಭೂಗೋಳಕ್ಕೆ ಏನಿದೆ?”

“ಭೂಮಿ ಇದೆಯಲ್ಲ ಅಪ್ಪ.”

“ಅದು ನೀನು ಓದಿದ್ರೂ ಇರುತ್ತೆ, ಓದದಿದ್ರೂ ಇರುತ್ತೆ. ಅದನ್ನ ನೋಡ್ಕೊಳ್ಳೋಕೆ ನಿಂಗೆ ಸಂಬಳ ಯಾರು ಕೊಡ್ತಾರೆ?”

ಅಕ್ಕ ಹನ್ನೊಂದು ವರ್ಷದವಳಿದ್ದಾಗಿನಿಂದ ನಕ್ಷೆ ಬರೆಯುತ್ತಾಳೆ. ಅವಳ ಮಂಚದ ಕೆಳಗೆ ಸುರುಳಿ ಸುತ್ತಿದ ಹಾಳೆಗಳ ಒಂದು ಕಟ್ಟೇ ಇದೆ. ನಮ್ಮ ಬೀದಿಯಲ್ಲಿ ಯಾವ ಚರಂಡಿಯ ಮುಚ್ಚಳ ಒಡೆದಿದೆ, ಯಾವ ಗೇಟಿನ ಹಿಂದೆ ಕಚ್ಚುವ ನಾಯಿ ಇದೆ, ಎಲ್ಲವೂ ಅದರಲ್ಲಿದೆ. ಬೇರೆ ಯಾವ ವಿಷಯದ ಹೆಸರು ಹೇಳಿದರೂ ಅವಳ ಮುಖ ಮುಚ್ಚಿದ ಅಂಗಡಿಯಂತಾಗುತ್ತಿತ್ತು.

“ರೀ, ಸಹಿ ಹಾಕಿ ಕೊಡಿ, ಮೇಜಿನ ಮೇಲೆ ತಟ್ಟೆ ಇಡ್ಬೇಕು,” ಅಂದಳು ಅಮ್ಮ. “ನಿಮ್ಮನ್ನೂ ಒಂದು ಕಾಲದಲ್ಲಿ ಹೀಗೇ ಕೇಳಿದ್ರಲ್ಲ, ಮರೆತುಹೋಯ್ತಾ?”

“ನನ್ನ ವಿಷ್ಯ ಬೇರೆ,” ಎಂದು ಅಪ್ಪ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಮಾರನೆಯ ಬೆಳಿಗ್ಗೆ ಅಪ್ಪನಿಗೆ ಮಹತ್ತರವಾದ ಯೋಜನೆಯೊಂದು ಹೊಳೆಯಿತು. ಕಾಲೇಜಿನ ಪಟ್ಟಿಯಲ್ಲಿ ಹದಿನೆಂಟು ವಿಷಯ. ಕಪಾಟಿನಲ್ಲಿ ಹದಿನೆಂಟು ಡ್ರಾಯರು. ಅಪ್ಪನಿಗೆ ಇದು ಆಕಸ್ಮಿಕ ಅನ್ನಿಸಲಿಲ್ಲ. ವಿಷಯಕ್ಕೊಂದು ಡ್ರಾಯರು. ಅಂಗಡಿಗೆ ಬಂದವರನ್ನೆಲ್ಲ ‘ನೀವು ಓದಿದ್ದೇನು, ಮಾಡ್ತಿರೋದೇನು’ ಎಂದು ಕೇಳುವುದು, ಕಾರ್ಡಿನ ಮೇಲೆ ಬರೆಯುವುದು, ಆಯಾ ಡ್ರಾಯರಿಗೆ ಹಾಕುವುದು. ಡ್ರಾಯರು ಎಳೆದರೆ ಆ ವಿಷಯದ ನೌಕರಿ ಕೈಗೆ ಬರಬೇಕು. ಇದಕ್ಕೆ ‘ವಿದ್ಯೋದ್ಯೋಗ ಸಂಯೋಜನಾ ಕಪಾಟು’ ಎಂದು ಅಪ್ಪನೇ ನಾಮಕರಣ ಮಾಡಿದರು.

“ಭೂಗೋಳದ ಡ್ರಾಯರಲ್ಲಿ ಒಂದೇ ಒಂದು ಕಾರ್ಡ್ ತೋರಿಸು. ಕಣ್ಣು ಮುಚ್ಚಿ ಸಹಿ ಹಾಕ್ತೀನಿ,” ಎಂದು ಅಕ್ಕನಿಗೆ ಮಾತು ಕೊಟ್ಟರು.

ಹದಿನೆಂಟು ಡ್ರಾಯರಿನ ಸ್ಕ್ರೂ, ಮೊಳೆ, ವಾಷರುಗಳನ್ನೂ ಇತರೆ ಡಬ್ಬದ ಸಾಮಾನನ್ನೂ ಎರಡು ಬಕೆಟ್ಟಿಗೆ ಸುರಿದದ್ದಾಯಿತು.

“ಇದನ್ನ ಮತ್ತೆ ಬೇರೆ ಮಾಡೋರು ಯಾರು?” ಅಂದಳು ಅಮ್ಮ.

“ಅದು ಆಮೇಲಿನ ಮಾತು,” ಅಂದರು ಅಪ್ಪ.

ಡ್ರಾಯರಿನ ಮುಖಕ್ಕೆ ಹೊಸ ಗುರುತುಗಳು ಬಂದವು. ಗಣಿತಕ್ಕೆ ಅಳತೆಪಟ್ಟಿಯ ತುಂಡು, ಇತಿಹಾಸಕ್ಕೆ ತುಕ್ಕು ಹಿಡಿದ ಬೀಗದಕೈ, ಸಸ್ಯಶಾಸ್ತ್ರಕ್ಕೆ ಒಣ ಎಲೆ, ಮನಶ್ಶಾಸ್ತ್ರಕ್ಕೆ ಒಡೆದ ಕನ್ನಡಿ, ಭೂಗೋಳಕ್ಕೆ ಬೀದಿಯಲ್ಲಿ ಸಿಕ್ಕ ಒಂದು ಕಲ್ಲು. ತತ್ವಶಾಸ್ತ್ರದ ಡ್ರಾಯರಿನ ಮುಂದೆ ಮಾತ್ರ ಅಪ್ಪ ತಂತಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಕೊನೆಗೆ ಏನನ್ನೂ ಕಟ್ಟದೆ ಮುಂದಕ್ಕೆ ಹೋದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಕಾರ್ಡ್ ಬರೆಯುವ ಕೆಲಸ ನನ್ನದಾಯಿತು. ಅಪ್ಪನ ನಿಯಮ ಒಂದೇ. “ಪುಟ್ಟೀ, ಈ ಬಾಗಿಲು ದಾಟಿ ಒಳಗೆ ಬಂದವರು ಯಾರೇ ಆಗ್ಲಿ, ಒಬ್ಬರನ್ನೂ ಬಿಡಬಾರ್ದು.” ಹೊಸಬರ ಹತ್ತಿರ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಆದ್ದರಿಂದ ಪ್ರಶ್ನೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಗಿರಾಕಿಗಳ ಮುಂದೆ ತಳ್ಳುತ್ತಿದ್ದೆ. ನನಗೆ ಮಾತು ಬಾರದು ಎಂದುಕೊಂಡು ಇಬ್ಬರು ಕೈಸನ್ನೆಯಲ್ಲೇ ಉತ್ತರ ಕೊಟ್ಟರು. (ಅದರಲ್ಲಿ ಒಬ್ಬರದು ಪ್ರಾಣಿಶಾಸ್ತ್ರವಾದ್ದರಿಂದ ತಿಳಿಯುವುದು ಕಷ್ಟವಾಗಲಿಲ್ಲ.) ಎರಡು ಪ್ರಶ್ನೆ ಬರೆದ ಮೇಲೂ ಕಾರ್ಡಿನಲ್ಲಿ ಒಂದು ಸಾಲಿನ ಜಾಗ ಉಳಿಯುತ್ತಿತ್ತು. ಜಾಗ ಖಾಲಿ ಬಿಟ್ಟರೆ ನನಗೆ ಸಮಾಧಾನವಿಲ್ಲ. ಅದಕ್ಕೆ ‘ಖುಷಿಯಾಗಿದ್ದೀರಾ?’ ಎಂದು ಮೂರನೆಯ ಪ್ರಶ್ನೆ ಸೇರಿಸಿದೆ.

ತೊಂದರೆ ಮೊದಲ ದಿನವೇ ಶುರುವಾಯಿತು. ಪೈಪ್ ರಿಪೇರಿಯವರು ಓದಿದ್ದು ಇತಿಹಾಸ.

“ಇತಿಹಾಸಕ್ಕೂ ಪೈಪಿಗೂ ಏನ್ರೀ ಸಂಬಂಧ?” ಅಂದರು ಅಪ್ಪ.

“ಹಳೇ ಮನೇಲಿ ಯಾರು ಯಾವಾಗ ಎಲ್ಲಿ ಪೈಪು ಹೂತಿದ್ದಾರೆ ಅಂತ ಹುಡುಕೋದು ಮತ್ತೇನು ಸ್ವಾಮಿ?” ಖುಷಿಯಾಗಿದ್ದೀರಾ ಎಂಬಲ್ಲಿ ‘ಸೋರದ ದಿನ’ ಎಂದು ಬರೆಸಿದರು.

ಕ್ಷೌರದಂಗಡಿಯವರು ಗಣಿತ ಓದಿದ್ದರು. ಕೇಕ್ ಅಂಗಡಿಯಾಕೆ ರಸಾಯನಶಾಸ್ತ್ರ. ಬ್ಯಾಂಕಿನಾಕೆ ಸಸ್ಯಶಾಸ್ತ್ರ; ಖುಷಿಗೆ ‘ಕಿಟಕಿ ಪಕ್ಕದ ಕುರ್ಚಿ ಸಿಕ್ಕ ಮೇಲೆ. ಮೂರು ಹೂಕುಂಡ ಇಟ್ಟಿದ್ದೇನೆ’ ಎಂದರು. ಅಪ್ಪ ಒಂದೊಂದು ಕಾರ್ಡನ್ನೂ ಬೆಳಕಿಗೆ ಹಿಡಿದು, ಅಳತೆ ತಪ್ಪಿದ ನಟ್ಟನ್ನು ನೋಡುವಂತೆ ನೋಡಿದರು.

“ಇವರೆಲ್ಲ ತಪ್ಪು ಡ್ರಾಯರಿಗೆ ಬಿದ್ದಿರೋ ಸಾಮಾನು. ಇತರೆಗೆ ಹಾಕು.”

ನಾನು ಹಾಕಿದೆ. ವಾರವಿಡೀ ಹಾಕಿದೆ. ಡ್ರಾಯರಿಗೆ ಸೇರಿದವರು ಐದೇ ಜನ, ಐವರೂ ಮೇಷ್ಟ್ರುಗಳು. ಓದಿದ್ದನ್ನೇ ಪಾಠ ಹೇಳುವವರು. (ಅರ್ಥಶಾಸ್ತ್ರದವರು ಖುಷಿಯ ಪ್ರಶ್ನೆಗೆ ‘ರಜೆಯಲ್ಲಿ ಕೇಳಿ’ ಎಂದು ಬರೆಸಿದ್ದರು.)

“ಭೂಗೋಳದ ಮೇಷ್ಟ್ರು ಒಬ್ಬರಾದ್ರೂ ಬರ್ಬಾರ್ದಾ?” ಎಂದು ಅಕ್ಕ ಕಾಲೇಜಿನಿಂದ ಬಂದವಳೇ ಅಂಗಡಿಯ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದಳು. “ಅವರಿಗೆ ಭೂಪಟ ನೇತುಹಾಕೋಕೆ ಮೊಳೆ ಬೇಡ್ವಾ?”

ಶುಕ್ರವಾರ ಶಾಲಾ ವ್ಯಾನಿನ ಚಾಲಕರು ಕನ್ನಡಿಗೆ ಸ್ಕ್ರೂ ಕೇಳಿಕೊಂಡು ಬಂದರು. ಓದಿದ್ದು ಭೂಗೋಳ! ಅಕ್ಕ ಕಾರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡು ಅಪ್ಪನ ಮೂಗಿನ ಹತ್ತಿರ ಹಿಡಿದಳು.

“ಇದು ನಡೆಯಲ್ಲ,” ಅಂದರು ಅಪ್ಪ. “ದಾರಿ ಗೊತ್ತಿರೋಕೆ ಭೂಗೋಳ ಬೇಕಾ? ನಮ್ಮ ಹಾಲಿನವನಿಗೂ ದಾರಿ ಗೊತ್ತು. ಇತರೆ.”

“ಇದ್ಯಾವ ನ್ಯಾಯ ಅಪ್ಪ? ಡ್ರಾಯರೂ ನಿಮ್ದು, ಡಬ್ಬಾನೂ ನಿಮ್ದು, ತೀರ್ಪೂ ನಿಮ್ದು!”

“ಅಂಗಡಿ ನಂದಲ್ವಾ?”

ಅಕ್ಕ ಒಳಗೆ ಹೋದಳು. ಮಂಚದ ಕೆಳಗಿನ ಕಟ್ಟನ್ನು ತೆಗೆದು ರದ್ದಿ ಪೇಪರಿನ ಪಕ್ಕದಲ್ಲಿ ಇಟ್ಟಳು. ಅದನ್ನು ನೋಡಿದರೂ ಅಪ್ಪ ನೋಡದವರಂತೆ ತಕ್ಕಡಿ ಒರೆಸಿದರು. ಒರೆಸಿದ್ದನ್ನೇ ಮೂರು ಸಲ ಒರೆಸಿದರು.

ಶನಿವಾರ ನಾನು ಕಾರ್ಡುಗಳನ್ನು ಎಣಿಸಿದೆ. ಎಂಬತ್ತೆಂಟು. ಯಾರನ್ನೂ ಬಿಟ್ಟಿಲ್ಲವಷ್ಟೆ ಎಂದು ಯೋಚಿಸುತ್ತಿದ್ದಾಗ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಬಾಗಿಲು ದಾಟುವವರು ಅಪ್ಪ ಎಂದು ಹೊಳೆಯಿತು. ನಿಯಮ ಅಂದರೆ ನಿಯಮ. ಅಪ್ಪ ಗಿರಾಕಿಗಳ ನಡುವೆ ಇದ್ದುದರಿಂದ ಅಡುಗೆಮನೆಗೆ ಹೋಗಿ ಅಪ್ಪ ಓದಿದ್ದೇನು ಎಂದು ಅಮ್ಮನನ್ನು ಕೇಳಿದೆ. ಅಮ್ಮ ಚಾಕು ಕೆಳಗಿಟ್ಟು, ಕಣ್ಣೀರು ಬರುವಷ್ಟು ನಕ್ಕು, “ಬರ್ಕೋ, ಬರ್ಕೋ,” ಎಂದು ಹೇಳಿದಳು. ಬರೆದುಕೊಂಡೆ. ಮೂರನೆಯ ಪ್ರಶ್ನೆಯನ್ನು ಅಪ್ಪನನ್ನೇ ಕೇಳಬೇಕಾಯಿತು. ಅವರು ಏಣಿಯ ಮೇಲಿದ್ದರು.

“ಅಪ್ಪ, ಈ ಕೆಲ್ಸದಲ್ಲಿ ಖುಷಿಯಾಗಿದ್ದೀರಾ?”

“ನಿಮ್ಮಮ್ಮನ್ನ ಕೇಳಿ ಹೇಳ್ತೀನಿ,” ಅಂದರು ಅಪ್ಪ.

ಅದನ್ನೂ ಒಂದಕ್ಷರ ಬಿಡದೆ ಬರೆದುಕೊಂಡೆ. ಓದಿದ್ದಕ್ಕೂ ಮಾಡುತ್ತಿರುವುದಕ್ಕೂ ಹೊಂದಿಕೆಯಾಗದ್ದರಿಂದ ಕಾರ್ಡನ್ನು ಇತರೆ ಡಬ್ಬಕ್ಕೆ ಹಾಕಿದೆ.

ಭಾನುವಾರ ಅಪ್ಪ ಅಕ್ಕನ ಸಹಪಾಠಿಗಳನ್ನು ಕರೆಸಿದರು. ಮಗಳೊಬ್ಬಳಿಗೇ ಯಾಕೆ, ಕಾಲೇಜಿನ ಮಕ್ಕಳಿಗೆಲ್ಲ ಮಾರ್ಗದರ್ಶನವಾಗಲಿ ಎಂಬುದು ಅವರ ಉದಾತ್ತ ಉದ್ದೇಶ. ಎಂಟು ಜನ ಬಂದರು. ಎಂಟೂ ಜನರ ಚೀಲದಲ್ಲಿ ತುಂಬದ ಅರ್ಜಿ, ಎಂಟೂ ಮುಖದಲ್ಲಿ ಒಂದೇ ಕಳವಳ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಟ್ಟು ತೊಡಿಸಿದ ಒಂದು ಬೋಲ್ಟನ್ನು ಎತ್ತಿ ಹಿಡಿದು ಭಾಷಣ ಆರಂಭಿಸಿದರು.

“ಮಕ್ಕಳೇ, ಇದಕ್ಕೆ ಲೋಕದಲ್ಲಿ ಒಂದೇ ಅಳತೆಯ ನಟ್ಟು. ವಿದ್ಯೆ ಬೋಲ್ಟು, ಉದ್ಯೋಗ ನಟ್ಟು. ಅಳತೆ ತಪ್ಪಿದ್ರೆ ಜೀವನವಿಡೀ ಗಡಗಡ!”

ಕನ್ನಡಕದ ಹುಡುಗನೊಬ್ಬ ಡ್ರಾಯರು ಎಳೆದು ನೋಡತೊಡಗಿದ. ಖಾಲಿ. ಖಾಲಿ. ಮೇಷ್ಟ್ರು. ಖಾಲಿ. ಅವನ ಮುಖ ಬಾಡುತ್ತ ಬಂತು.

“ಸಾರ್, ಆ ಡಬ್ಬದಲ್ಲೇನಿದೆ?”

“ಅದು ಲೆಕ್ಕಕ್ಕಿಲ್ಲ. ಇತರೆ.”

ಲೆಕ್ಕಕ್ಕಿಲ್ಲ ಎಂದ ಮೇಲೆ ಆ ವಯಸ್ಸಿನವರನ್ನು ಹಿಡಿಯುವುದುಂಟೇ? ಡಬ್ಬ ನೆಲಕ್ಕೆ ಬೋರಲಾಯಿತು. ಎಂಟು ಜನವೂ ಸುತ್ತ ಕೂತರು.

“ಏಯ್, ಗಣಿತ ಓದಿ ಕ್ಷೌರದಂಗಡಿ! ಖುಷಿಯಾಗಿದ್ದೀರಾ: ‘ನಾಲ್ಕು ಕುರ್ಚಿ ಇದೆ, ಐದನೆಯದು ಬರ್ತಾ ಇದೆ.’”

“ಇಲ್ನೋಡೇ, ನಿನ್ನ ರಸಾಯನಶಾಸ್ತ್ರ. ಕೇಕು!”

“ಅಯ್ಯೋ, ಇದನ್ನ ಮನೇಲಿ ತೋರಿಸ್ಬೇಕು ಕಣೋ.”

ಬೋಲ್ಟು ಹಿಡಿದ ಕೈಯನ್ನು ಅಪ್ಪ ಇನ್ನೂ ಇಳಿಸಿರಲಿಲ್ಲ. ಅಷ್ಟರಲ್ಲಿ ಗಿಡ್ಡ ಕೂದಲಿನ ಹುಡುಗಿ ಒಂದು ಕಾರ್ಡನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು.

“ಓದಿದ್ದು: ತತ್ವಶಾಸ್ತ್ರ. ಮಾಡುತ್ತಿರುವುದು: ಮೊಳೆ, ಸ್ಕ್ರೂ, ಬೀಗಗಳ ಮಾರಾಟ. ಖುಷಿಯಾಗಿದ್ದೀರಾ: ‘ನಿಮ್ಮಮ್ಮನ್ನ ಕೇಳಿ ಹೇಳ್ತೀನಿ.’”

ಬೋಲ್ಟಿನಿಂದ ನಟ್ಟು ಕಳಚಿ ಬಿದ್ದು, ಉರುಳುತ್ತ ಹೋಗಿ ಕಪಾಟಿನ ಕೆಳಗೆ ಸೇರಿತು.

“ಯಾರು ಸಾರ್ ಇದು?”

“ಯಾರೋ ಗಿರಾಕಿ,” ಅಂದರು ಅಪ್ಪ.

“ಹೌದು,” ಅಂದಳು ಅಮ್ಮ, ಟೀ ತಟ್ಟೆ ಹಿಡಿದು ಒಳಗಿನಿಂದ ಬರುತ್ತ. “ಇಪ್ಪತ್ತೆರಡು ವರ್ಷದಿಂದ ಬರ್ತಿರೋ ಗಿರಾಕಿ. ಊಟಕ್ಕೂ ಇಲ್ಲೇ ಇರ್ತಾರೆ.”

ಅಕ್ಕನ ಬಾಯಿ ತೆರೆದೇ ಇತ್ತು. “ಅಪ್ಪ! ನೀವು ಕಾಮರ್ಸ್ ಓದಿದ್ದು ಅಲ್ವಾ?”

“ಹಾಗಂತ ನಾನ್ಯಾವತ್ತು ಹೇಳ್ದೆ? ನೀವು ಅಂದ್ಕೊಂಡ್ರಿ. ನಾನು ತಿದ್ದಲಿಲ್ಲ, ಅಷ್ಟೆ.”

ಕನ್ನಡಕದ ಹುಡುಗ ಕುಹಕದಿಂದ ಕೇಳಲಿಲ್ಲ. ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. “ಸಾರ್, ತತ್ವಶಾಸ್ತ್ರ ಓದಿದ್ದು ಈ ಅಂಗಡೀಲಿ ಏನಾದ್ರೂ ಉಪಯೋಗಕ್ಕೆ ಬಂತಾ?”

ಅಪ್ಪ ಬಗ್ಗಿ ಕಪಾಟಿನ ಕೆಳಗೆ ನಟ್ಟು ಹುಡುಕತೊಡಗಿದರು. ಆಗ ಬಾಗಿಲಲ್ಲಿ ಯಾರೋ ಇಣುಕಿ, “ಒಂದು ಬೀಗ ಬೇಕಿತ್ತು,” ಅಂದರು.

“ಬೀಗ ಯಾಕೆ?” ಅಂದರು ಅಪ್ಪ. “ಒಳಗೇನಿದೆ?”

ಅಂದಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತು. ಅಂಗಡಿ ತುಂಬ ನಗು. ಬೀಗ ಕೇಳಿದವರು ತಮಗೇನಾಯಿತು ಎಂದು ತಿಳಿಯದೆ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. ಅಪ್ಪ ಬೋಲ್ಟನ್ನು ಕೆಳಗಿಟ್ಟು, ಜೇಬಿನಿಂದ ಅರ್ಜಿ ತೆಗೆದು, ಮಡಿಕೆ ಬಿಡಿಸಿ, ಭೂಗೋಳ ಎಂದಿದ್ದುದರ ಕೆಳಗೆ ಸಹಿ ಹಾಕಿದರು. ಅಕ್ಕ ರದ್ದಿಯ ಪಕ್ಕದಿಂದ ನಕ್ಷೆಗಳ ಕಟ್ಟನ್ನು ಎತ್ತಿಕೊಂಡಳು. ಅಪ್ಪನ ಕಾರ್ಡನ್ನು ಅಮ್ಮ ತಂತಿಯಿಂದ ತತ್ವಶಾಸ್ತ್ರದ ಡ್ರಾಯರಿನ ಮುಖಕ್ಕೇ ಕಟ್ಟಿದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪ ಸುತ್ತ ನೋಡಿ, “ಈ ಕಾರ್ಡ್ ಬರೆದೋರು ಯಾರು?” ಅಂದರು. ಅಂಥ ಅಕ್ಷರ ಮನೆಯಲ್ಲಿ ಇನ್ನೊಬ್ಬರಿಗಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

“ಯಾರನ್ನೂ ಬಿಡಬಾರ್ದು ಅಂದಿದ್ದೆ. ಹಾಗಾದ್ರೆ ನಿನ್ನ ಕಾರ್ಡೆಲ್ಲಿ ಪುಟ್ಟಿ?”

ಅದು ನಿಜ. ಆ ಬಾಗಿಲನ್ನು ನಾನೂ ದಿನಾ ದಾಟುತ್ತೇನೆ. ಎಲ್ಲರ ಮುಂದೆ ಬರೆಯಬೇಕಾಯಿತು. ಓದಿದ್ದು: ಒಂಬತ್ತನೇ ತರಗತಿ, ಅರ್ಧ. ಮಾಡುತ್ತಿರುವುದು: ಎಂಬತ್ತೊಂಬತ್ತು ಕಾರ್ಡ್. ಖುಷಿಯಾಗಿದ್ದೀರಾ: ಯಾರೂ ಇತ್ತ ಕಡೆ ನೋಡದಿದ್ದಾಗ.

ಗಿಡ್ಡ ಕೂದಲಿನ ಹುಡುಗಿ ಅದನ್ನೂ ಗಟ್ಟಿಯಾಗಿ ಓದಿ, ಡಬ್ಬವನ್ನು ಕಾಲೇಜಿಗೆ ಒಯ್ಯುತ್ತೇವೆ, ಖಾಲಿ ಕಾರ್ಡುಗಳನ್ನೂ ಕೊಡು, ಇನ್ನಷ್ಟು ಬರೆಸುತ್ತೇವೆ ಅಂದಳು. ತೆಗೆದುಕೊಂಡು ಹೋದರು. ನನ್ನದೂ ಅದರೊಳಗೇ ಇದೆ.

“ಮನುಷ್ಯರನ್ನೇ ಇಷ್ಟು ಅಚ್ಚುಕಟ್ಟಾಗಿ ಬೇರೆ ಮಾಡಿದೋಳಿಗೆ ಸ್ಕ್ರೂ ಯಾವ ಲೆಕ್ಕ?” ಎಂದು ಅಪ್ಪ ಎರಡೂ ಬಕೆಟ್ಟುಗಳನ್ನು ಕಾಲಿನಿಂದ ನನ್ನತ್ತ ತಳ್ಳಿದರು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಬಕೆಟ್ಟಿನ ಮುಂದೆ ಕೂರುತ್ತೇನೆ. ಉದ್ದದ ಸ್ಕ್ರೂಗಳಿಂದ ಶುರು ಮಾಡುತ್ತೇನೆ.