ಗೋಡೆಯ ಮೇಲೆ ಬೆಳೆದ ಮರ

ಮಾತಾಡದಿರುವುದು ಅಪರಾಧವೇ? ನನ್ನ ಹೆಂಡತಿಯ ನ್ಯಾಯಾಲಯದಲ್ಲಿ ಹೌದು. ನಾನು ಬಡಗಿ. ದಿನವಿಡೀ ಗರಗಸ ಕಿರುಚುತ್ತದೆ. ಮನೆಗೆ ಬಂದು ನಾನೂ ಯಾಕೆ ಕಿರುಚಲಿ?

"ನಿಮ್ಮ ಬಾಯಿಂದ ನಾಲ್ಕು ಮಾತು ಕೇಳೋಕೆ ಇನ್ನೊಂದು ಜನ್ಮ ಎತ್ತಬೇಕು ನಾನು. ಮನೇಲಿ ಒಂದು ಮರ ಇದೆ, ಇನ್ನೊಂದೂ ಇರ್ಲಿ!" ಎಂದು ಅವಳು ಹಳೇ ಪುಸ್ತಕದಂಗಡಿಯಿಂದ ದೇವದಾರುವಿನ ಚಿತ್ರ ತಂದಳು. ಯಾವುದೋ ಪುರಾತನ ಗ್ರಂಥದ ಹಾಳೆ. ಬೆರಳುದ್ದದ ಸಸಿ, ಸೂಜಿಯಂಥ ಎಲೆ. ಗಾಜಿನ ಕಟ್ಟು ಹಾಕಿ, ಮಂಚದೆದುರಿಗೆ ಮೊಳೆ ಹೊಡೆದು ನಾನೇ ನೇತುಹಾಕಿದೆ.

ಮರುದಿನ ಸಂಜೆ ಅದು ಗೇಣುದ್ದವಾಗಿತ್ತು!

ಕಣ್ಣುಜ್ಜಿಕೊಂಡೆ. ಅದರ ಮರುದಿನ ಕೊಂಬೆ ಚಾಚಿತ್ತು. ಆಮೇಲೆ ಕಾಯಿ ಬಿಟ್ಟಿತು. ಗಾಜಿನ ಹಿಂದೆ ಗಾಳಿ ಎಲ್ಲಿಂದ ಬರಬೇಕು? ಆದರೂ ಎಲೆಗಳೆಲ್ಲ ನನ್ನ ಕಡೆಗೇ ವಾಲಿದ್ದವು. (ನಾನು ಕೊಯ್ದ ಮರಗಳ ಸಂಬಂಧಿಕನಿರಬೇಕು.) ಹೇಳಿದರೆ ನಗುತ್ತಾಳೆ. ಸುಮ್ಮನೆ ಮಂಚ ಹಿಂದಕ್ಕೆಳೆದೆ.

"ಏನ್ರೀ, ಮಂಚ ಬಾಗಿಲಿಗೆ ಅಡ್ಡ ಬಂತಲ್ಲ?"

"ಸೆಕೆ."

"ಚಿತ್ರ ನೋಡಿದ್ರಾ?"

"ಹ್ಞೂಂ."

"ಅಷ್ಟೇನಾ?"

"ಹ್ಞೂಂ."

ಮನೆಗೆ ಬಂದಿದ್ದ ಅವಳ ತಂಗಿ ಕಿಸಕ್ಕೆಂದಳು.

ಭಾನುವಾರ ಎದ್ದು ನೋಡಿದರೆ ಚಿತ್ರದ ತುಂಬ ಬರೀ ಕಾಂಡ. ಮರ ಗಾಜಿನ ಹತ್ತಿರಕ್ಕೇ ಬಂದು ನಿಂತಂತಿತ್ತು. ತೊಗಟೆಯಲ್ಲೊಂದು ಗಂಟು, ಕಣ್ಣಿನ ಹಾಗೆ. ನಾನು ಪಕ್ಕಕ್ಕೆ ಸರಿದೆ. ಅದೂ ಸರಿಯಿತು.

"ಲೇ, ಬಾರೇ ಇಲ್ಲಿ! ಮರ ಬೆಳೀತಿದೆ ಕಣೇ! ಮೊದ್ಲು ಸಸಿ, ಆಮೇಲೆ ಕೊಂಬೆ, ಕಾಯಿ, ಈಗ ನನ್ನನ್ನೇ ನೋಡ್ತಿದೆ! ಅದಕ್ಕೇ ಮಂಚ ಎಳೆದಿದ್ದು, ಸೆಕೆನೂ ಇಲ್ಲ, ಮಣ್ಣೂ ಇಲ್ಲ!"

ಅವಳ ಕಣ್ಣಲ್ಲಿ ನೀರು. ಮದುವೆಯಾದಾಗಿನಿಂದ ಇಷ್ಟು ಮಾತು ಕೇಳಿರಲಿಲ್ಲವಂತೆ.

"ಅಕ್ಕಾ, ನೀನೇ ಗೆದ್ದೆ ಹೋಗು," ಎಂದಳು ತಂಗಿ. "ಭಾವ, ನಮ್ಮಿಬ್ರಿಗೂ ಪಂಥ. ನೀವು ಬಾಯಿ ಬಿಡ್ಲಿ ಅಂತ ಅಕ್ಕ ಕಟ್ಟಿನ ಹಿಂದಿನ ರಟ್ಟು ತೆಗೆದು ದಿನಾ ಅದೇ ಪುಸ್ತಕದ ಬೇರೆ ಚಿತ್ರ ಹಾಕ್ತಿದ್ಲು." ಹಾಸಿಗೆಯಡಿಯಿಂದ ಹಾಳೆಗಳು ಹೊರಬಂದವು: ಸಸಿ, ಗಿಡ, ಕೊಂಬೆ, ಕಾಯಿ.

"ಅದ್ಸರಿ, ಈ ಕಾಂಡದ್ದು ನೀನು ಹಾಕಿದ್ದಾ?" ಎಂದು ಹೆಂಡತಿ ತಂಗಿಯನ್ನು ಕೇಳಿದಳು.

"ನಾನಲ್ಲಪ್ಪ. ನೀನಲ್ವಾ?"

ಇಬ್ಬರೂ ನಿಧಾನವಾಗಿ ನನ್ನತ್ತ ತಿರುಗಿದರು.

"ಅಬ್ಬಾ, ಎಂಥ ಕಿಲಾಡಿರೀ ನೀವು! ಎಲ್ಲಾ ಗೊತ್ತಿದ್ದೂ ನಾಟಕ ಆಡಿದ್ರಾ?"

ಆಣೆ ಇಟ್ಟೆ, ವಿವರಿಸಿದೆ, ಬೇಡಿಕೊಂಡೆ. ನನ್ನ ಮಾತು ಹೆಚ್ಚಿದಷ್ಟೂ ಅವರ ನಗು ಹೆಚ್ಚಿತು. ಕೊನೆಗೆ ಚಿತ್ರ ಇಳಿಸಿಬಿಡೋಣವೆಂದು ನಾನೇ ಹೋಗಿ ಎಳೆದೆ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಗೋಡೆಯೊಳಗಿನಿಂದ ಏನೋ ಮೆಲ್ಲಗೆ ವಾಪಸ್ ಎಳೆಯಿತು.

"ಎಳೀರಿ, ಎಳೀರಿ!" ಹೆಂಡತಿ ಚಪ್ಪಾಳೆ ತಟ್ಟಿದಳು. "ಏನು ಅಭಿನಯ ರೀ!"