ಗೇಟಿನ ತನಕ ಬರುವ ಫೋನು

ನಮ್ಮ ಸೋದರಮಾವನಿಗೆ ಫೋನು ಇಡಲು ಬರುವುದಿಲ್ಲ! ರೇಡಾರ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು ಎಂದರೆ ನಂಬುತ್ತೀರಾ?

"ಮನಿಗೆ ಬಂದವರ ಮುಖದ ಮ್ಯಾಲೆ ಬಾಗಲಾ ಹಾಕ್ತೀಯೇನು? ಗೇಟ್ ತನಕಾ ಹೋಗಿ, ಅಲ್ಲಿ ಮತ್ತ ಅರ್ಧಾ ತಾಸು ಮಾತಾಡಬೇಕು. ವಿಡಿಯೋ ಕಾಲಿಗೆ ಗೇಟ್ ಎಲ್ಲೈತಿ?" ಎನ್ನುತ್ತಾರೆ ಮಾವ.

ಈ ಜ್ಞಾನೋದಯಕ್ಕೆ ಕಾರಣವಿದೆ. ಹೋದ ದೀಪಾವಳಿಗೆ ಕಲಬುರಗಿಯಿಂದ ಬಂದಿದ್ದ ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಹೊರಟಾಗ ಮಾವ ಮೇಜಿನ ಮುಂದೆ ಬೆಸುಗೆ ಹಾಕುತ್ತ ಕುಳಿತಲ್ಲಿಂದಲೇ "ಹೂಂ" ಎಂದುಬಿಟ್ಟಿದ್ದರು. ಆಮೇಲೆ ಆಕೆ ಸಿಕಂದರಾಬಾದಿನ ಈ ಮನೆಗೆ ಕಾಲಿಟ್ಟಿಲ್ಲ. ನನ್ನ ಡೈರಿಯ ಲೆಕ್ಕದಲ್ಲಿ ಮಾವ ಆಕೆಗೆ ಮಾಡಿದ ಕರೆಗಳು ಹನ್ನೊಂದು; ಅತಿ ದೀರ್ಘವಾದದ್ದು ನಲವತ್ತು ಸೆಕೆಂಡು. ಪ್ರತಿ ಸಲವೂ ಫೋನು ಇಟ್ಟವರು ದೊಡ್ಡಮ್ಮ.

ಅಕ್ಕನನ್ನು ಒಲಿಸಲು ಮಾವ ಯಂತ್ರವೊಂದನ್ನು ಮಾಡಿದರು. ಬೇಗಂ ಬಜಾರಿನ ಚಹಾ ಟ್ರಾಲಿ, ಮೇಲೆ ಟ್ಯಾಬು, ಕೆಳಗೆ ಮೋಟಾರು. ದೂರದವರು ತಮ್ಮ ಫೋನಿನಿಂದಲೇ ಅದನ್ನು ಮನೆಯೆಲ್ಲ ಓಡಾಡಿಸಬಹುದು. "ಬರ್ತೀನಿ" ಎಂದರೆ ಅದು ತಾನಾಗಿ ಗೇಟಿಗೆ ಹೊರಡುತ್ತದೆ.

ಸೋಮವಾರ, ಮೊದಲ ಪ್ರಯೋಗ. ಅತಿಥಿ ನಾನು, ತಾರಸಿಯ ಮೇಲಿಂದ. "ಬರ್ತೀನಿ" ಎಂದೆ. ಟ್ರಾಲಿ ನನ್ನನ್ನು ನೇರ ಬಚ್ಚಲಿಗೆ ಒಯ್ದಿತು. ಮಾವ ಹೊರಗೆ ಕೈಮುಗಿದು ನಿಂತಿದ್ದರು: "ಆರಾಮ ಹೋಗಿ ಬಾರವಾ!"

ಗುರುವಾರ ಅದು ಗೇಟು ದಾಟಿ, ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ಆಂಟಿಯ ಮುಂದೆ ನಿಂತಿತು. ಆಕೆ ಗಾಬರಿಯಾಗದೆ ತೆಲುಗಿನಲ್ಲಿ ಕೇಳಿದರು: "ಏಮ್ಮಾ, ತಲ ಒಕ್ಕಟೇ ವಚ್ಚಿಂದಾ?" ಹೌದು, ಪರದೆಯಲ್ಲಿ ನನ್ನ ತಲೆ ಮಾತ್ರವೇ ಬಂದಿತ್ತು!

ಒಟ್ಟು ಪ್ರಯೋಗ ಒಂಬತ್ತು, ಸೋಲು ಏಳು, ಒಡೆದ ಹೂಕುಂಡ ಒಂದು.

ಭಾನುವಾರ ಮಧ್ಯಾಹ್ನ, ಹನ್ನೆರಡನೆಯ ಕರೆಯಲ್ಲಿ, ದೊಡ್ಡಮ್ಮ ಟ್ರಾಲಿಯೇರಿ "ಬಂದರು". ಮೊದಲು ಅಡುಗೆಮನೆ ತಪಾಸಣೆ. "ಇಷ್ಟು ಎಣ್ಣಿ ಯಾಕ ಸುರದೀರಿ?" ಆಮೇಲೆ ಮಾವನ ಮೇಜು. "ಇನ್ನೂ ಇಲ್ಲೇ ಕುಂತೀಯೇನು?"

ಮಾವ ದಡಬಡಿಸಿ ಎದ್ದರು.

"ಆತು, ಬರ್ತೀನಿ," ಎಂದರು ದೊಡ್ಡಮ್ಮ.

ಟ್ರಾಲಿ ಹೊರಟು, ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಮಾವ ಅದನ್ನು ಕೂಸಿನಂತೆ ಎತ್ತಿಕೊಂಡು ಬರಿಗಾಲಲ್ಲಿ ಗೇಟು ದಾಟಿದರು, ಬೀದಿ ದಾಟಿದರು. ಚಪ್ಪಲಿ ಹಿಡಿದು ನಾನು ಹಿಂದೆ! ಆಟೋ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮನೆಯ ವೈಫೈ ಕೈಬಿಟ್ಟು, ದೊಡ್ಡಮ್ಮ ಬಾಯಿ ತೆರೆದಂತೆಯೇ ಪರದೆಯಲ್ಲಿ ನಿಂತುಬಿಟ್ಟರು. ಮಾವನ ಮುಖ ಬಾಡಿತು.

ಅವರ ಜೇಬಿನ ಫೋನು ಬಡಿದುಕೊಂಡಿತು. ಮಾವ ಟ್ರಾಲಿ ಇಳಿಸಿ ಸ್ಪೀಕರ್ ಒತ್ತಿದರು.

"ಎಲ್ಲಿ ನಿಂತೀಯೋ?"

"ಆಟೋ ಸ್ಟ್ಯಾಂಡ್‌ನ್ಯಾಗ, ಅಕ್ಕಾ."

"ಕಾಲಾಗ ಚಪ್ಪಲಿ?"

"...ಇಲ್ಲ."

"ಹುಚ್ಚಪ್ಪಾ, ಬಿಸಲಾಗ ನಿಲ್ಲಬ್ಯಾಡ. ಮನಿಗೆ ನಡಿ. ನೀ ಮುಟ್ಟೂತನಕಾ ನಾ ಫೋನು ಇಡಂಗಿಲ್ಲ."

ಅಲ್ಲಿಂದ ಮನೆ ಐದು ನಿಮಿಷದ ದಾರಿ. ಡೈರಿಯಲ್ಲಿ ಬರೆದಿದ್ದೇನೆ: ಮಾವ ಮುಟ್ಟಲು ತೆಗೆದುಕೊಂಡದ್ದು ಐವತ್ತೆರಡು.