ಮಹತ್ವ: ಕಡಿಮೆ

ನಮ್ಮ ಮನೆಯಲ್ಲಿ ಒಬ್ಬಳೇ ಕೂತು ಯೋಚನೆ ಮಾಡಬಹುದಾದ ಜಾಗ ಒಂದೇ, ಬಚ್ಚಲುಮನೆ. ಮಿಕ್ಕ ಕೋಣೆಗಳಿಗೂ ಬಾಗಿಲುಗಳಿವೆ, ಇಲ್ಲವೆನ್ನಲಾರೆ. ಆದರೆ ಅವನ್ನು ಹಾಕಿಕೊಂಡರೆ "ಯಾಕಮ್ಮ, ತಲೆನೋವಾ?" ಎಂದು ಅತ್ತೆ, "ನನ್ನ ಮೇಲೆ ಸಿಟ್ಟಾ?" ಎಂದು ಗಂಡ, "ಆ ಕೋಣೆ ಫ್ಯಾನ್ ಆರಿಸಿದ್ಯಾ?" ಎಂದು ಮಾವ, ಒಬ್ಬರಾದ ಮೇಲೊಬ್ಬರು ಬಂದು ತಟ್ಟುತ್ತಾರೆ. ಬಚ್ಚಲಿನ ಬಾಗಿಲು ಹಾಕಿದವರನ್ನು ಮಾತ್ರ ಯಾರೂ ಕಾರಣ ಕೇಳುವುದಿಲ್ಲ. ಹಾಗಾಗಿ ನನ್ನ ವಿದ್ವತ್ತೆಲ್ಲ ಅರಳಿದ್ದು ಅಲ್ಲೇ, ಬೋರಲು ಹಾಕಿದ ಬಕೆಟ್ಟಿನ ಮೇಲೆ.

ವಿದ್ವತ್ತು ಅಂದೆನಲ್ಲ, ಅದೇನೆಂದು ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವೊಂದಿದೆ. ಅದರಲ್ಲಿ ನಾಣ್ಯ, ನೋಟುಗಳ ಬಗ್ಗೆ ಇರುವ ಲೇಖನಗಳನ್ನು ಓದಿ ದರ್ಜೆ ಕೊಡುವ ಪುಟ್ಟ ಗುಂಪಿನಲ್ಲಿ ನಾನೂ ಒಬ್ಬಳು. (ಸಂಬಳವಿಲ್ಲ. "ಕೆಲಸ ಪೂರ್ತಿ ದುಡ್ಡಿಂದು, ಬರೋ ದುಡ್ಡು ಮಾತ್ರ ಇಲ್ಲ" ಎಂದು ನನ್ನ ಗಂಡ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿ ತಾವೇ ನಗುತ್ತಾರೆ.) ಪ್ರತಿ ಲೇಖನಕ್ಕೂ ಎರಡು ದರ್ಜೆ. ಒಂದು ಗುಣಮಟ್ಟ, ಅಂದರೆ ಲೇಖನವನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ ಎನ್ನುವುದು. ತೀರಾ ಗಿಡ್ಡವಾಗಿದ್ದರೆ ಅದಕ್ಕೆ 'ಚುಟುಕು' ಎನ್ನುತ್ತೇವೆ. ಅಲ್ಲಿಂದ ಸಾಧಾರಣ, ಉತ್ತಮ, ಉತ್ಕೃಷ್ಟ ಎಂದು ಮೆಟ್ಟಿಲು ಹತ್ತಬೇಕು. ಇನ್ನೊಂದು ಮಹತ್ವ. ಆ ವಿಷಯ ಲೋಕಕ್ಕೆ ಎಷ್ಟು ಬೇಕಾದದ್ದು ಎನ್ನುವುದು. ಅದರಲ್ಲಿ ಕಡಿಮೆ, ಮಧ್ಯಮ, ಹೆಚ್ಚು, ಅತ್ಯುನ್ನತ. ಇವೆರಡಕ್ಕೂ ಸಂಬಂಧವಿಲ್ಲ. ಬಹಳ ಮಹತ್ವದ ವಿಷಯದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ಕಳಪೆ ಲೇಖನ ಇರಬಹುದು; ಯಾರಿಗೂ ಬೇಡದ ವಿಷಯದ ಮೇಲೆ ಕಣ್ಣಿಗೊತ್ತಿಕೊಳ್ಳುವಂಥದ್ದು ಇರಬಹುದು.

ಗುಂಪಿನಲ್ಲಿ ನನ್ನ ಅಡ್ಡಹೆಸರು 'ತಕ್ಕಡಿ'. ಯಾವ ಕಡೆಗೂ ವಾಲುವವಳಲ್ಲ ಎಂದು ನಾನೇ ಇಟ್ಟುಕೊಂಡದ್ದು. ಇನ್ನೊಬ್ಬರ ಅಡ್ಡಹೆಸರು 'ಗೂಬೆಕಣ್ಣು'. ಅವರು ಗಂಡಸೋ ಹೆಂಗಸೋ ತಿಳಿಯದು. ನಿದ್ದೆ ಮಾಡುವುದಿಲ್ಲ ಎನ್ನುವುದಷ್ಟು ಖಚಿತ. ಈಚೆಗೆ ಯಾರೋ ಒಬ್ಬರು, ತಮ್ಮ ತಾತನ ಜೇಬಿನಲ್ಲಿದ್ದು ಅವರನ್ನು ಪೊಲೀಸರಿಂದ ಉಳಿಸಿದ ಯಾವುದೋ ಹಳೆಯ ನೋಟಿನ ಮಹತ್ವವನ್ನು ಏರಿಸಿ ಎಂದು ಅಂಗಲಾಚಿದ್ದರು. ಆಗ ನಾನು ಒಂದು ನಿಯಮವನ್ನೇ ಬರೆದುಹಾಕಿದೆ: 'ನಮಗೆ ಉಪಕಾರವಾಯಿತು ಎಂಬುದು ಮಹತ್ವಕ್ಕೆ ಆಧಾರವಲ್ಲ. ಸ್ವಂತ ಅನುಭವವನ್ನು ದಯವಿಟ್ಟು ಮನೆಯಲ್ಲಿ ಬಿಟ್ಟು ಬನ್ನಿ.' ಗೂಬೆಕಣ್ಣು ಅದನ್ನು ಮೆಚ್ಚಿ ನಮ್ಮ ಗುಂಪಿನ ಪುಟದ ನೆತ್ತಿಯ ಮೇಲೆ ಕೂರಿಸಿದರು. ಆ ದಿನ ನಾನು ಮನೆಯಲ್ಲಿ ನೆಲಕ್ಕೆ ಕಾಲು ತಾಗದಂತೆ ಓಡಾಡಿದೆ.

ಅದೊಂದು ಭಾನುವಾರ. ಊಟದ ಮೇಜಿನ ಮೇಲೆ ಬಿಸಿಲು ಹಳದಿ ಬಟ್ಟೆ ಹಾಸಿದಂತೆ ಬಿದ್ದಿತ್ತು. ಅತ್ತೆ ಬಟಾಣಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಫೋನು ನೋಡುತ್ತಿದ್ದೆ.

"ಇವತ್ತು ಯಾವುದಕ್ಕೆ ಮಾರ್ಕ್ಸ್ ಕೊಡ್ತಿದೀಯಮ್ಮ?"

"ತೂತು ಕಾಸಿಗೆ, ಅತ್ತೆ. ಹಿಂದಿನ ಕಾಲದ್ದು, ನಡುವೆ ತೂತು ಇರ್ತಿತ್ತಲ್ಲ."

ಅತ್ತೆಯ ಕೈಯಲ್ಲಿದ್ದ ಬಟಾಣಿ ಅಲ್ಲೇ ನಿಂತಿತು. ಎದ್ದು ಹೋಗಿ ತಮ್ಮ ಹೆಣಿಗೆಯ ಚೀಲ ತಂದರು. ಅದರ ಜಿಪ್ಪಿಗೆ ಕೆಂಪು ದಾರದಲ್ಲಿ ಒಂದು ತೂತು ಕಾಸು ತೂಗುತ್ತಿತ್ತು. ಇಷ್ಟು ದಿನ ನಾನದನ್ನು ಬಟನ್ ಎಂದುಕೊಂಡಿದ್ದೆ.

"ನಮ್ಮಪ್ಪ ಮೊದಲನೇ ಸಲ ನನ್ನ ಒಬ್ಬಳನ್ನೇ ಅಂಗಡಿಗೆ ಕಳಿಸಿದಾಗ ಬೀಳಿಸ್ಕೋತೀನಿ ಅಂತ ಇದನ್ನ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿದ್ರು. ಎಂಥಾ ಗಂಟು ಹಾಕಿದ್ರು ಅಂದ್ರೆ ಅಂಗಡಿಯವನಿಗೆ ಬಿಚ್ಚೋಕೇ ಆಗ್ಲಿಲ್ಲ. ಹೋಗ್ಲಿ ಮಗು ಅಂತ ಉಪ್ಪಿನ ಪೊಟ್ಟಣನೂ ಕೊಟ್ಟ, ಪೆಪ್ಪರ್‌ಮಿಂಟೂ ಕೊಟ್ಟ. ಉಪ್ಪು ಮನೆಗೆ ಬಂತು, ಕಾಸೂ ಮನೆಗೆ ಬಂತು. ಅವತ್ತು ನಾನೇ ರಾಣಿ." ಕಾಸನ್ನು ಬೆರಳಲ್ಲಿ ತಿರುಗಿಸುತ್ತ ಅವರು ಕೇಳಿದರು, "ಎಷ್ಟು ಕೊಟ್ಟೆ ಇದಕ್ಕೆ?"

ಆ ಕ್ಷಣದಲ್ಲಿ ಯಾವ ಸೊಸೆಯಾದರೂ ಒಂದು ಸಣ್ಣ ಸುಳ್ಳು ಹೇಳುತ್ತಿದ್ದಳು. ನಾನು ಸೊಸೆಯಾಗಿರಲಿಲ್ಲ, ತಕ್ಕಡಿಯಾಗಿದ್ದೆ.

"ಗುಣಮಟ್ಟ ಚುಟುಕು. ಮೂರೇ ವಾಕ್ಯ ಇದೆ. ಮಹತ್ವ, ಕಡಿಮೆ."

"ಕಡಿಮೆನಾ?"

"ನಿಮ್ಮ ಕಾಸಿಗಲ್ಲ ಅತ್ತೆ, ಲೋಕದ ಲೆಕ್ಕದಲ್ಲಿ..."

"ಒಂದು ಮೆಟ್ಲಾದ್ರೂ ಹತ್ತಿಸೋಕಾಗಲ್ವಾ?"

"ಮನೆಯವರು ಅಂತ ಹತ್ತಿಸಿದ್ರೆ ಅದು ಪಕ್ಷಪಾತ ಆಗುತ್ತೆ."

"ಸರಿಯಮ್ಮ," ಎಂದರು ಅತ್ತೆ. ಮತ್ತೆ ಸುಲಿಯತೊಡಗಿದರು; ಸ್ಟೀಲಿನ ಬೋಗುಣಿಗೆ ಬಟಾಣಿ ಒಂದೊಂದೇ ಟಣ್ ಎಂದು ಬಿತ್ತು.

ಮಧ್ಯಾಹ್ನ ನಾನು ಎಂದಿನಂತೆ ಬಚ್ಚಲು ಸೇರಿ ಚಿಲಕ ಹಾಕಿಕೊಂಡೆ. ಬೆಳಗಿನ ಮಾತು ಮನಸ್ಸಿನಲ್ಲಿ ಸಣ್ಣ ಮುಳ್ಳಾಗಿತ್ತು, ನಿಜ. ಆದರೂ ತೂತು ಕಾಸಿನ ಚರ್ಚಾಪುಟದಲ್ಲಿ ಒಂದು ಟಿಪ್ಪಣಿಯನ್ನೂ ಬರೆದೆ: 'ತೂತಿನ ಉಪಯೋಗವೇನೆಂದು ಲೇಖನದಲ್ಲಿ ಸ್ಪಷ್ಟವಿಲ್ಲ.' ತೃಪ್ತಿಯಿಂದ ಎದ್ದು ಚಿಲಕ ತಿರುಗಿಸಿದೆ. ಅದು ತಿರುಗಲಿಲ್ಲ.

ಕಾರಣ ಮಾವ. ನಿವೃತ್ತರಾದ ಮೇಲೆ ಅವರು ಮನೆಯ ಬಾಗಿಲುಗಳಿಗೆಲ್ಲ ತಾವೇ ಹಸಿರು ಬಣ್ಣ ಬಳಿಯುತ್ತಿದ್ದರು. ಬಾಗಿಲು ಎಲ್ಲಿ ಮುಗಿದು ಚಿಲಕ ಎಲ್ಲಿ ಶುರುವಾಗುತ್ತದೆ ಎಂಬ ಭೇದಭಾವ ಅವರಿಗಿರಲಿಲ್ಲ.

"ರೀ, ಬಾಗಿಲು ಬರ್ತಿಲ್ಲ."

"ಎಳಿ," ಎಂದರು ಹೊರಗಿನಿಂದ ನನ್ನ ಗಂಡ.

"ಎಳೀತಾನೇ ಇದೀನಿ."

"ಹಾಗಾದ್ರೆ ತಳ್ಳು."

"ಒಳಗಡೆಗೆ ತೆಗೆಯೋ ಬಾಗಿಲು ರೀ ಇದು."

"ಸರಿ, ನಾನು ತಳ್ತೀನಿ, ನೀನು ಎಳಿ."

ದಾಂಪತ್ಯದಲ್ಲಿ ಅಷ್ಟು ಒಮ್ಮತದಿಂದ ನಾವು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬಾಗಿಲು ಅಲ್ಲಾಡಲಿಲ್ಲ, ಟವೆಲ್ಲಿನ ಗೂಟ ಮಾತ್ರ ಕಿತ್ತು ನನ್ನ ತಲೆಯ ಮೇಲೆ ಬಿತ್ತು.

"ಒಡೆದುಬಿಡೋಣ," ಎಂದರು ಗಂಡ.

"ಒಡಿಯೋದಾ?" ಎಂದು ಮಾವ ಓಡಿಬಂದ ಸದ್ದಾಯಿತು. "ಎರಡು ಕೋಟ್ ಹೊಡೆದಿದೀನಿ ಕಣೋ ಅದಕ್ಕೆ."

"ಅಪ್ಪ, ಒಳಗೆ ನನ್ನ ಹೆಂಡ್ತಿ ಇದಾಳೆ."

"ಅವಳೆಲ್ಲಿಗೂ ಹೋಗಲ್ಲ. ಬಣ್ಣ ಹೋಗುತ್ತೆ."

ಅಷ್ಟರಲ್ಲಿ ನನ್ನ ಗಂಡನಿಗೆ ನೆನಪಾಯಿತು. ನಮ್ಮ ಬಚ್ಚಲಿನ ಬಾಗಿಲ ಹಿಡಿಯ ಹೊರಬದಿಯಲ್ಲಿ ಒಂದು ಸಣ್ಣ ಸೀಳಿದೆ. ಒಳಗೆ ಯಾರಾದರೂ ಸಿಕ್ಕಿಕೊಂಡರೆ ಅದರಲ್ಲಿ ನಾಣ್ಯವೊಂದನ್ನು ಇಟ್ಟು ತಿರುಗಿಸಿದರೆ ಚಿಲಕ ಬಿಟ್ಟುಕೊಳ್ಳುತ್ತದೆ. "ಇಷ್ಟೇನಾ," ಎಂದು ಅವರು ನಕ್ಕರು. "ಯಾರಾದ್ರೂ ಒಂದು ನಾಣ್ಯ ಕೊಡಿ."

ಯಾರೂ ಕೊಡಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ಹಾಲಿನವನಿಂದ ಹಿಡಿದು ಹಜಾಮನವರೆಗೆ ಎಲ್ಲರಿಗೂ ನಾವು ಫೋನಿನಲ್ಲೇ ದುಡ್ಡು ಕೊಡುವುದು. ಜಗತ್ತಿನ ನಾಣ್ಯಗಳನ್ನೆಲ್ಲ ಅಳೆದು ತೂಗುವ ಮಹಾಪಂಡಿತೆ ಇದ್ದ ಮನೆಯಲ್ಲಿ ಒಂದು ಬಿಡಿಗಾಸೂ ಇರಲಿಲ್ಲ. ಮಾವ ಸೋಫಾದ ಸಂದಿಗೆ ಕೈ ಹಾಕಿ ಒಂದು ಬಾಚಣಿಗೆಯನ್ನೂ ತಮ್ಮ ಕಳೆದುಹೋದ ಕನ್ನಡಕವನ್ನೂ ತೆಗೆದರು. "ಇದು ಕಳೆದೋಯ್ತು ಅಂತ ನನ್ನ ಕೈಲಿ ಹೊಸದು ಮಾಡಿಸ್ಕೊಂಡ್ರಲ್ಲಪ್ಪ," ಎಂದು ಕನ್ನಡಕದ ಅಂಗಡಿ ಇಟ್ಟಿರುವ ನನ್ನ ಗಂಡ ನೊಂದುಕೊಂಡರು. ಆಮೇಲೆ ತಮ್ಮ ಅಂಗಡಿಯ ಸ್ಕ್ರೂಡ್ರೈವರುಗಳನ್ನು ತಂದರು. ಕನ್ನಡಕದ ಸ್ಕ್ರೂಗೆಂದು ಮಾಡಿದ ಅವು ಈ ಸೀಳಿನಲ್ಲಿ ದೊಡ್ಡ ಕೋಣೆಯೊಳಗೆ ಬಂದ ನೊಣದಂತೆ ಸುತ್ತಾಡಿದವು. ಚಮಚದ ಅಂಚು ದಪ್ಪವಾಯಿತು, ಚಾಕುವಿನ ತುದಿ ಮುರಿಯಿತು. ಬ್ಯಾಂಕಿನ ಕಾರ್ಡು ಬಾಗಿತು, ಚಿಲಕ ಬಾಗಲಿಲ್ಲ.

"ನೀನೇ ಹೇಳೇ, ಎಷ್ಟು ದಪ್ಪದ್ದು ಬೇಕು? ಅದೇ ಕೆಲಸ ತಾನೇ ನಿಂದು," ಎಂದರು ಗಂಡ.

ನಾನು ಫೋನು ತೆರೆದೆ. ಬಂಡಿಯ ಗಾಲಿಯಷ್ಟು ದೊಡ್ಡ ಕಲ್ಲಿನ ನಾಣ್ಯದ ಲೇಖನವಿತ್ತು, ಕವಡೆಯ ಲೇಖನವಿತ್ತು, ಉಪ್ಪಿನ ಗಟ್ಟಿಯನ್ನೇ ದುಡ್ಡಾಗಿ ಬಳಸಿದವರ ಲೇಖನವಿತ್ತು. ನಾಣ್ಯಗಳ ದಪ್ಪದ ಪಟ್ಟಿಯೊಂದೂ ಇತ್ತು. ಈಗ ಇರಲಿಲ್ಲ. 'ಅನಗತ್ಯ ವಿವರ, ತೆಗೆಯಬಹುದು' ಎಂದು ಅದರ ಚರ್ಚಾಪುಟದಲ್ಲಿ ಹಿಂದೆಂದೋ ತಕ್ಕಡಿ ಎಂಬಾಕೆ ಬರೆದಿದ್ದಳು.

ಎದುರುಮನೆಯ ಟೈಲರ್ ಬಂದರು. ಗದ್ದಲ ಕೇಳಿ, ಒಂದು ಡಬ್ಬಿ ಬಟನ್ ಹಿಡಿದುಕೊಂಡೇ ಬಂದಿದ್ದರು. ಬಟನ್‌ಗಳು ಪಟಪಟನೆ ಮುರಿದವು. ಬಟ್ಟೆ ಹಾರದಂತೆ ಇಡುತ್ತಿದ್ದ ನಾಣ್ಯವೊಂದು ಡಬ್ಬಿಯ ತಳದಲ್ಲಿ ಸಿಕ್ಕಾಗ ಹೊರಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ಒಳಗೆ ನಾನೂ ತಟ್ಟಿದೆ. ಅದು ಸೀಳಿಗಿಂತ ದಪ್ಪ. "ಈಗಿನವೆಲ್ಲ ಹೀಗೇ," ಎಂದು ಟೈಲರ್ ನಿಟ್ಟುಸಿರು ಬಿಟ್ಟರು. "ಹಳೇವು ತೆಳ್ಳಗಿದ್ವು."

ತೆಳ್ಳಗಿದ್ವು. ನಾನು ಆ ಮೂರು ವಾಕ್ಯದ ಲೇಖನವನ್ನು ಮತ್ತೆ ತೆರೆದೆ. 'ಈ ನಾಣ್ಯ ಅಗ್ಗವಾಗಿತ್ತು. ತೆಳ್ಳಗಿತ್ತು. ನಡುವೆ ತೂತಿತ್ತು.'

ಬಾಗಿಲಿನ ಹೊರಗೆ, ಸ್ವಲ್ಪ ದೂರದಲ್ಲಿ, ಟಿಕ್ ಟಿಕ್ ಎಂದು ಹೆಣಿಗೆಯ ಕಡ್ಡಿಗಳ ಸದ್ದು. ಇಷ್ಟೂ ಹೊತ್ತು ಅದು ನಿಂತಿರಲಿಲ್ಲವೆಂದು ಆಗ ಹೊಳೆಯಿತು. ಅತ್ತೆ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದರು. ಅವರ ತೊಡೆಯ ಮೇಲೆ ಚೀಲ, ಚೀಲದ ಜಿಪ್ಪಿನಲ್ಲಿ ಕೆಂಪು ದಾರ. ಅದು ಅಲ್ಲಿದೆಯೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೆ ಗೊತ್ತು. ನಾನು ಕೇಳಲಿ ಎಂದು ಅವರು, ಅವರೇ ಕೊಡಲಿ ಎಂದು ನಾನು. ನಡುವೆ ಎರಡು ಕೋಟ್ ಹಸಿರು ಬಣ್ಣ. ಗಂಡಸರು ಬೀದಿಯ ಮನೆಮನೆಗೂ ಹೋಗಿ ಬರುತ್ತಿದ್ದರು.

ನಾನು ಗಟ್ಟಿ ಮನಸ್ಸು ಮಾಡಿ ಬಕೆಟ್ಟಿನ ಮೇಲೆ ಕೂತೆ. ನ್ಯಾಯಕ್ಕಾಗಿ ಬಂಧನದಲ್ಲಿ ಕೂತವರು ಹಿಂದೆ ಎಷ್ಟೋ ಜನರಿದ್ದಾರೆ. ಅವರ ಸಾಲಿನಲ್ಲಿ ನಾನೂ ಒಬ್ಬಳಾಗಲಿ ಎಂದುಕೊಂಡೆ. ಅಷ್ಟರಲ್ಲಿ ಫೋನಿನ ಬ್ಯಾಟರಿ ಸತ್ತಿತು. ಓದಲಿಕ್ಕೆ ಶಾಂಪೂ ಬಾಟಲಿಯ ಹಿಂಬದಿಯೊಂದೇ ಉಳಿಯಿತು. ಅದರ ಗುಣಮಟ್ಟ ಸಾಧಾರಣ. ಎರಡು ಸಲ ಓದಿದೆ.

"ಅತ್ತೆ," ಎಂದೆ ಕೊನೆಗೆ.

ಟಿಕ್ ಟಿಕ್ ನಿಂತಿತು. "ಏನಮ್ಮ?"

"ಆ ಕಾಸು ಇದೆಯಲ್ಲ."

"ಯಾವ ಕಾಸು?"

"ಅದೇ, ತೂತಿಂದು."

"ಓ, ಅದಾ." ಕಡ್ಡಿಗಳು ಮತ್ತೆರಡು ಸಲ ಟಿಕ್ ಎಂದವು. "ಅದು ಕಡಿಮೆ ಮಹತ್ವದ್ದಲ್ವಾ? ಇವರೆಲ್ಲ ಇಷ್ಟು ಮುಖ್ಯವಾದ ಕೆಲಸಕ್ಕೆ ನಾಣ್ಯ ಹುಡುಕ್ತಿದ್ರು. ನಡುವೆ ಇದನ್ನ ಯಾಕೆ ತರೋದು ಅಂತ ಸುಮ್ನಿದ್ದೆ."

"ತಪ್ಪಾಯ್ತು ಅತ್ತೆ."

"ತಪ್ಪೇನಿಲ್ಲಮ್ಮ, ಲೋಕದ ಲೆಕ್ಕ ಅದು."

ಅವರು ಎದ್ದು ಬಂದ ಹೆಜ್ಜೆಸದ್ದು ಕೇಳಿತು. ಕಾಸು ಸೀಳಿನಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಆದರೆ ಬಣ್ಣ ಕಚ್ಚಿಕೊಂಡಿದ್ದರಿಂದ ಬೆರಳಿಗೆ ತಿರುಗದು. ಗಂಡ ಪ್ರಯತ್ನಿಸಿದರು, ಟೈಲರ್ ಪ್ರಯತ್ನಿಸಿದರು. "ಸ್ವಲ್ಪ ಸರ್ಕೊಳ್ಳಿ ಎಲ್ಲ," ಎಂದರು ಅತ್ತೆ. ಹೆಣಿಗೆಯ ಕಡ್ಡಿಯೊಂದನ್ನು ಕಾಸಿನ ತೂತಿನೊಳಗೆ ತೂರಿಸಿ, ನಲ್ಲಿ ತಿರುಗಿಸಿದ ಹಾಗೆ ಒಂದು ಸುತ್ತು ತಿರುಗಿಸಿದರು. ಟಕ್ ಎಂದಿತು. ತೂತಿನ ಉಪಯೋಗ ನನಗೆ ಸ್ಪಷ್ಟವಾಯಿತು.

ಹೊರಬಂದವಳ ಮುಖವನ್ನು ಅತ್ತೆ ನೋಡಲಿಲ್ಲ. ಕಾಸಿಗೆ ಹತ್ತಿದ್ದ ಹಸಿರನ್ನು ಉಲ್ಲನ್ನಿನ ಚೂರಿನಿಂದ ಒರೆಸುತ್ತಿದ್ದರು, ಮಗುವಿನ ಮುಖ ಒರೆಸಿದಷ್ಟು ಮೆತ್ತಗೆ. ಅದನ್ನು ನೋಡಿ ನನ್ನೊಳಗಿನ ತಕ್ಕಡಿ ಮೊದಲ ಸಲ ಒಂದು ಕಡೆಗೆ ದಡಕ್ಕನೆ ವಾಲಿತು.

ಫೋನಿಗೆ ಜೀವ ಬಂದ ಕೂಡಲೇ ಮಹತ್ವವನ್ನು 'ಕಡಿಮೆ'ಯಿಂದ 'ಹೆಚ್ಚು' ಮಾಡಿದೆ. ಕಾರಣ ಎಂಬಲ್ಲಿ ಬಚ್ಚಲಿನ ವೃತ್ತಾಂತವನ್ನು ಮನಕರಗುವಂತೆ ಬರೆದೆ. ಟೀ ಕುಡಿದು ಮುಗಿಸುವಷ್ಟರಲ್ಲಿ ಗೂಬೆಕಣ್ಣು ಅದನ್ನು ಮತ್ತೆ 'ಕಡಿಮೆ' ಮಾಡಿದ್ದರು. ಕೆಳಗೆ ಒಂದೇ ಸಾಲು: 'ಪುಟದ ನೆತ್ತಿಯ ಮೇಲಿನ ನಿಯಮ ನೋಡಿ. ನಿಮ್ಮದೇ. ನೀವು ಹೊರಬಂದದ್ದು ಸಂತೋಷ.'

"ಏನಾಯ್ತಮ್ಮ?" ಎಂದರು ಅತ್ತೆ.

"ಏರಿಸೋಕೆ ಹೋದೆ, ಬಿಡ್ಲಿಲ್ಲ ಅತ್ತೆ. ಏನೋ ನಿಯಮ ಇದೆಯಂತೆ."

"ಯಾರು ಮಾಡಿದ್ದೋ ಅದನ್ನ. ಬಚ್ಚಲು ಬಾಗಿಲು ಸರಿಯಾಗಿರೋ ಮನೆಯವರು ಇರ್ಬೇಕು."

"ಹೂಂ," ಎಂದೆ.

ಮಹತ್ವ ಏರಿಸಲಾಗದಿದ್ದರೆ ಬೇಡ, ಗುಣಮಟ್ಟವನ್ನಾದರೂ ಏರಿಸೋಣ ಎನಿಸಿತು. ಅತ್ತೆಯಿಂದ ಕಾಸು ಕೇಳಿ ಪಡೆದು ಫೋಟೋ ತೆಗೆದುಕೊಂಡೆ. ಅದರ ದಪ್ಪ ಅಳೆದೆ. ಒಳ್ಳೆಯ ಪುಸ್ತಕವೊಂದನ್ನು ಹುಡುಕಿ ಲೇಖನವನ್ನು ಉದ್ದ ಬರೆಯಬೇಕೆಂದು ಸಂಜೆ ಮತ್ತೆ ಬಚ್ಚಲು ಸೇರಿದೆ. ಚಿಲಕ ಹಾಕಲಿಲ್ಲ. ಯಾರಿಗೂ ಅನುಮಾನ ಬಾರದಿರಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡೆ.

ಹೊರಗೆ ಅತ್ತೆ ತಮ್ಮ ತಂಗಿಯ ಜೊತೆ ಫೋನಿನಲ್ಲಿದ್ದರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹೂಂ ಕಣೇ, ಅದೇ ಕಾಸು. ಅಪ್ಪ ಕಟ್ಟಿದ್ದು... ಸೊಸೆನಾ? ಚೆನ್ನಾಗಿದಾಳೆ. ಅವಳಿಗೆ ಎರಡು ದರ್ಜೆ ಕೊಡ್ಬೇಕು, ಹಾಗೇ ಪದ್ಧತಿ. ಗುಣಮಟ್ಟ ಇದೆ ನೋಡು, ಅದು ಸದ್ಯಕ್ಕೆ ಚುಟುಕು. ಇನ್ನೂ ಎಷ್ಟೋ ತಿದ್ದೋದಿದೆ, ಸೇರಿಸೋದಿದೆ. ಹ್ಞಾಂ? ಮಹತ್ವಾನಾ?"

ನಾನು ಮೆಲ್ಲನೆ ಕೈ ಚಾಚಿ ನಲ್ಲಿ ನಿಲ್ಲಿಸಿದೆ. ಉಸಿರೂ ಬಿಗಿಹಿಡಿದೆ.

"ಅದನ್ನ ಆಮೇಲೆ ಹೇಳ್ತೀನಿ ಇರು," ಎಂದರು ಅತ್ತೆ. "ಬಚ್ಚಲಲ್ಲಿ ನೀರಿನ ಸದ್ದು ನಿಂತುಹೋಯ್ತು."